ಎಂಜಿನ್ ಮನೆಯಲ್ಲಿ ಇಲಿ ಇಲ್ಲ

ಮೊನ್ನೆ ನೆಂಟರ ಮದುವೆಗೆಂದು ಪೆಟ್ಟಿಗೆಯಿಂದ ಹೊರತೆಗೆದ ನನ್ನ ಕರಿ ಕೋಟಿನ ಎಡ ಜೇಬಿಗೆ ಕೈ ಹಾಕಿದೆ. ಕೈ ಜೇಬನ್ನು ದಾಟಿ, ಅಸ್ತರನ್ನೂ ದಾಟಿ, ಆಚೆ ಕಡೆಯಿಂದ ಹೊರಗೆ ಬಂದು ಬೆರಳಾಡಿಸಿತು. ಇಲಿ ಕಡಿದಿತ್ತು. ನನ್ನ ಹೆಂಡತಿ ಕೋಟನ್ನು ಬೆಳಕಿಗೆ ಹಿಡಿದು ಆ ತೂತಿನಿಂದಲೇ ನನ್ನನ್ನು ನೋಡುತ್ತ, "ಜೇಬ್ನಲ್ಲಿ ಏನಿಟ್ಟಿದ್ರಿ?" ಎಂದಳು. "ಏನೂ ಇಲ್ಲ" ಎಂದೆ. ಅವಳು ಅಸ್ತರಿನ ಮೂಲೆಯನ್ನು ತಡಕಿ, ಉಗುರಿನಷ್ಟು ಕೊಬ್ಬರಿ ಚೂರು ತೆಗೆದು ನನ್ನ ಅಂಗೈ ಮೇಲಿಟ್ಟಳು. ಇಷ್ಟು ವರ್ಷ ಬಾಳಿದ ಮೇಲೆ ನನ್ನ ಮೇಲೆ ಮಾತು ಖರ್ಚು ಮಾಡುವುದನ್ನು ಅವಳು ಕಡಿಮೆ ಮಾಡಿದ್ದಾಳೆ.

ಇಲಿಯ ವಿಷಯದಲ್ಲಿ ನಾನು "ಇಲ್ಲ" ಎಂದು ಸುಳ್ಳು ಹೇಳಿದ್ದು ಇದೇ ಮೊದಲಲ್ಲ. ಮೊದಲ ಸುಳ್ಳಿನ ಕತೆ ಹೇಳಬೇಕಾದರೆ ನಿಮ್ಮನ್ನು ಬೆಳಗೊಳಕ್ಕೆ ಕರೆದುಕೊಂಡು ಹೋಗಬೇಕು. ಹೋಗುವ ಮುಂಚೆ ನಾಗಮಂಗಲದ ಸೀಮೆಯಲ್ಲಿ ಒಂದು ಗಳಿಗೆ ನಿಲ್ಲೋಣ. ನಮ್ಮಜ್ಜಿಯನ್ನು ಮಾತಾಡಿಸದೆ ಮುಂದೆ ಹೋದರೆ ಅವಳು ಇದ್ದಲ್ಲಿಂದಲೇ ಬಯ್ಯುತ್ತಾಳೆ.

ನಮ್ಮದು ಒಣನೆಲ. ರಾಗಿ, ಹುರುಳಿ, ನಾಲ್ಕು ತೆಂಗಿನಮರ, ಅವೆಲ್ಲಕ್ಕೂ ಪಾಲುದಾರರಾಗಿ ಇಲಿ. ಕೊಯ್ಲಾದ ಮೇಲೆ ರಾಗಿಯನ್ನು ಹಗೇವಿನಲ್ಲಿ, ಎಂದರೆ ನೆಲದೊಳಗೆ ತೋಡಿದ ಆಳವಾದ ಗುಂಡಿಯಲ್ಲಿ, ತುಂಬಿ ಬಾಯಿ ಮುಚ್ಚುತ್ತಿದ್ದರು. ನಮ್ಮಜ್ಜಿ ದಿನಾ ಬೆಳಿಗ್ಗೆ ನಡುಮನೆಯ ಮೂಲೆಯ ಬಿಲದ ಮುಂದೆ ಒಂದು ಹಿಡಿ ರಾಗಿ ಹಾಕಿ, "ನಿನ್ ಪಾಲು ತಿನ್ಕಂಡು ತೆಪ್ಗಿರಪ್ಪ, ಅಗೇವಿನ್ ತಂಟೆಗೆ ಬರ್ಬ್ಯಾಡ" ಎಂದು ಕೈ ಮುಗಿಯುತ್ತಿದ್ದಳು. ಇಲಿಗಳು ತಮ್ಮ ಪಾಲನ್ನು ತಿಂದು, ನಾಲಿಗೆ ಚಪ್ಪರಿಸಿ, ಹಗೇವಿಗೂ ಹೋಗುತ್ತಿದ್ದವು. ಹಗೇವು ಬೇಸರವಾದ ದಿನ ಪಡಸಾಲೆಯಲ್ಲಿ ಮಲಗಿದ್ದ ತಾತನ ಒಡೆದ ಹಿಮ್ಮಡಿಯನ್ನು ಕಡಿಯುತ್ತಿದ್ದವು. ತಾತ ಕುಂಟುತ್ತ ಎದ್ದು ದೊಣ್ಣೆ ಹುಡುಕಿದರೆ ಅಜ್ಜಿ ಅಡ್ಡ ನಿಲ್ಲುವಳು. "ಗಣಪನ್ ವಾಹ್ನ ಕಣ್ರೀ. ಅದು ಬಾಯಾಕಿದ್ರೆ ಪುಣ್ಯ." ತಾತ, "ಅಂಗಾರೆ ನಾಳಿಂದ ಈ ಜಾಗ್ದಲ್ಲಿ ನೀನೇ ಮನೀಕೊ, ಒಸಿ ಪುಣ್ಯ ನಿನ್ಗೂ ಬರ್ಲಿ" ಎನ್ನುವರು. ಅಜ್ಜಿ ಅಷ್ಟು ಪುಣ್ಯಕ್ಕೆ ಆಸೆಪಡುವವಳಲ್ಲ.

ಇಂಥ ಮನೆಯಲ್ಲಿ ಬೆಳೆದು, ಲೋಯರ್ ಸೆಕೆಂಡರಿಯನ್ನು ಎರಡು ಸಲ ಕಟ್ಟಿ ಒಂದು ಸಲ ಪಾಸಾಗಿ, ಇಪ್ಪತ್ತಮೂರನೆಯ ವಯಸ್ಸಿಗೆ ಬೆಳಗೊಳದ ಅಕ್ಕಿ ಮಿಲ್ಲಿಗೆ ಗುಮಾಸ್ತನಾಗಿ ಸೇರಿದೆ. ಕನ್ನಂಬಾಡಿ ಕಟ್ಟೆ ಮುಗಿದು, ನಾಲೆಯ ನೀರು ಹರಿದು, ಆ ಕಡೆಯವರೆಲ್ಲ ಮುದ್ದೆಯ ಪಕ್ಕದಲ್ಲಿ ಅನ್ನವನ್ನೂ ಬಡಿಸಿಕೊಳ್ಳತೊಡಗಿದ್ದ ಕಾಲ ಅದು. ಮಿಲ್ಲಿನಲ್ಲಿ ಎಲ್ಲರೂ ನನ್ನನ್ನು ರೈಟ್ರು ಎಂದು ಕರೆಯುತ್ತಿದ್ದರು. ಸ್ವಂತ ಹೆಸರಿಗಿಂತ ಅದು ಗಂಭೀರವಾಗಿ ಕೇಳಿಸುತ್ತಿತ್ತು.

ಯಜಮಾನರ ಹೆಸರು ಚಿಕ್ಕೇಗೌಡರು. ಅವರು ಬಾಗಿಲಲ್ಲಿ ನಿಂತರೆ ಮಿಲ್ಲಿಗೆ ಬೇರೆ ಕದ ಬೇಕಾಗುತ್ತಿರಲಿಲ್ಲ. ಮಿಲ್ಲು ನಡೆಯುತ್ತಿದ್ದದ್ದು ಶಿವನಸಮುದ್ರದ ಕರೆಂಟಿನಿಂದ. ಆಗಿನ ಕರೆಂಟು ಹೊಸ ಅಳಿಯನ ಹಾಗೆ: ಬಂದರೆ ಸಂಭ್ರಮ, ಯಾವ ಗಳಿಗೆಯಲ್ಲಿ ಮುನಿಸಿಕೊಂಡು ಎದ್ದು ಹೋಗುತ್ತದೆಂದು ಹೇಳುವಂತಿರಲಿಲ್ಲ. ತಂತಿಯ ಮೇಲೆ ತೆಂಗಿನ ಗರಿಯೊಂದು ಬಿದ್ದರೆ ಸಾಕು, ಊರಿಗೆ ಊರೇ ಬಾಯಿ ಮುಚ್ಚುತ್ತಿತ್ತು. ಅದಕ್ಕೇ ಗೌಡರು ಮೈಸೂರಿನಲ್ಲಿ ಯಾರೋ ಮಾರುತ್ತಿದ್ದ ಹಳೆಯ ಆಯಿಲ್ ಎಂಜಿನ್ನನ್ನೂ ಅದರ ಜೋಡಿ ಡೈನಮೋವನ್ನೂ ತಂದು ತೌಡಿನ ಗೋದಾಮಿಗೆ ಅಂಟಿಕೊಂಡಿದ್ದ ಕೋಣೆಯಲ್ಲಿ ಕೂರಿಸಿದರು. ಎಂಜಿನ್ನು ಡೈನಮೋವನ್ನು ತಿರುಗಿಸಬೇಕು, ಡೈನಮೋ ಕರೆಂಟು ಕೊಡಬೇಕು, ಆ ಕರೆಂಟು ಮಿಲ್ಲಿನ ಮೋಟಾರನ್ನು ತಿರುಗಿಸಬೇಕು. ಎಂಜಿನ್ನಿನಿಂದ ನೆಟ್ಟಗೆ ಮಿಲ್ಲಿಗೇ ಬೆಲ್ಟು ಹಾಕಿದರೆ ಆಗದೇ ಎಂದು ಒಮ್ಮೆ ಕೇಳಿದೆ. "ಬೆಲ್ಟಲ್ಲಿ ನಮ್ಮನೆ ಲೈಟ್ ಉರೀತದೇನ್ಲಾ?" ಎಂದರು. ಊರೆಲ್ಲ ಕತ್ತಲಾದಾಗ ತಮ್ಮ ಪಡಸಾಲೆಯಲ್ಲಿ ಮಾತ್ರ ಬಲ್ಬು ಉರಿಯಬೇಕು ಎಂಬುದು ಅವರ ಆಸೆ. ಅದಕ್ಕೆ ಅವರಿಟ್ಟ ಹೆಸರು 'ಆಪತ್ತಿನ ಎಂಜಿನ್ನು'.

ಅದನ್ನು ನೋಡಿಕೊಳ್ಳಲು ಗಂಜಾಂನಿಂದ ಸಿದ್ದಾಚಾರಿ ಬರುತ್ತಿದ್ದರು. ಅವರು ಮೂಲತಃ ಎತ್ತುಗಳಿಗೆ ಲಾಳ ಕಟ್ಟುವವರು. ಎಂಜಿನ್ನನ್ನು ಕೂರಿಸಲು ಬಂದ ಮೈಸೂರಿನ ಮೆಕ್ಯಾನಿಕ್ಕಿನ ಪಕ್ಕದಲ್ಲಿ ಮೂರು ದಿನ ಸುಮ್ಮನೆ ನಿಂತು ನೋಡಿ, ನಾಲ್ಕನೆಯ ದಿನ ಅವನ ತಪ್ಪು ತೋರಿಸಿದರಂತೆ. ಎಂಜಿನ್ ಮನೆಯೊಳಗೆ ಬಂದವರು ಮೊದಲು ಅದರ ಬೆನ್ನು ತಟ್ಟುವರು, ಕಿವಿಗೊಟ್ಟು ಆಲಿಸುವರು, ಆಮೇಲೆ ಮೂಸುವರು. ಬಾಲ ಎತ್ತಿ ನೋಡಲಿಲ್ಲ ಎಂಬುದೊಂದನ್ನು ಬಿಟ್ಟರೆ ಜಾತ್ರೆಯಲ್ಲಿ ಎತ್ತು ಕೊಳ್ಳುವವರ ರೀತಿಯೇ.

ಕೂರಿಸಿದ ಒಂದೆರಡು ತಿಂಗಳಲ್ಲೇ ಇಲಿಗಳು ಬಂದವು. ಬರದೆ ಏನು ಮಾಡಿಯಾವು? ಗೋಡೆಯಾಚೆ ತೌಡಿನ ಮೂಟೆ, ಈಚೆ ಬೆಚ್ಚನೆಯ ಕಬ್ಬಿಣ, ಮೂಲೆಯಲ್ಲಿ ಎಣ್ಣೆ ಒರೆಸುವ ಹತ್ತಿಯ ರಾಶಿ, ಹಲ್ಲಿನ ತುರಿಕೆಗೆ ನೂಲು ಸುತ್ತಿದ ರಬ್ಬರಿನ ವೈರು. ಸುಂಡಿಲಿ, ಇಲಿ, ಹೆಗ್ಗಣ, ಹಗಲಿನ ಪಾಳಿಗೆ ಅಳಿಲು, ಎಲ್ಲ ಜಾತಿಯವೂ ಒಕ್ಕಲು ಬಂದವು. ಸಿದ್ದಾಚಾರಿ ಕಡಿದ ವೈರೊಂದನ್ನು ಬದಲಾಯಿಸಿ, ಗೌಡರಿಗೆ ಹೇಳಿದರು:

"ಗೌಡ್ರೇ, ಕಟ್ಟಾಕಿದ್ ಎತ್ತಿಗೆ ಉಣ್ಣೆ ಅತ್ತೋ ಅಂಗೆ ನಿಂತಿರೋ ಎಂಜಿನ್ನಿಗೆ ಇಲಿ ಅತ್ತದೆ. ವಾರಕ್ಕೊಂದಪ ಎಂಜಿನ್ನ ಓಡ್ಸಿ. ತೌಡಿನ್ ಮೂಟೆ ಬ್ಯಾರೆ ಕಡೀಕ್ ಆಕ್ಸಿ. ಈ ತೂತ್ಗಳಿಗೆಲ್ಲ ತಂತಿ ಜಾಲ್ರಿ ಒಡೀಬೇಕು. ಅಷ್ಟೇಯ."

ಇಷ್ಟು ಸುಲಭವಾದ ಮಾತನ್ನು ದೊಡ್ಡವರು ಒಪ್ಪುವುದುಂಟೇ? "ಲಾಳ ಕಟ್ಟೋನು ಇಲಿ ಇಚಾರ ಏನ್ ಬಲ್ಲ?" ಎಂದು, ಸಿದ್ದಾಚಾರಿ ಹೋದ ಮೇಲೆ, ಗೌಡರು ನನ್ನ ಕಡೆ ತಿರುಗಿದರು. "ಲೇ ರೈಟ್ರು, ಓದ್ದೋನು ನೀನು. ಇವತ್ತಿಂದ ಇಲಿ ನಿನ್ ಜವಾಬ್ದಾರಿ."

ಓದಿದ್ದಕ್ಕೆ ಸಿಕ್ಕ ಮೊದಲ ಬಡ್ತಿ ಅದು.

ಮೊದಲು ಬೋನು ಇಟ್ಟೆ. ಒಳಗೆ ಆಂಬೊಡೆ ಸಿಕ್ಕಿಸಿದೆ. ಬೆಳಿಗ್ಗೆ ಆಂಬೊಡೆ ಇರಲಿಲ್ಲ, ಇಲಿಯೂ ಇರಲಿಲ್ಲ. ಬೋನಿನ ಬಾಯಿಯನ್ನು ಪರೀಕ್ಷೆ ಮಾಡಲು ಹೋಗಿ ನನ್ನ ಕಿರುಬೆರಳು ಸಿಕ್ಕಿತು. ಆಮೇಲೆ ಗೌಡರ ಹೆಂಡತಿ ದೇವೀರಮ್ಮನವರು ತಮ್ಮ ಬೆಕ್ಕನ್ನು ಎರವಲು ಕೊಟ್ಟರು. ಅದು ಮನೆಯಲ್ಲಿ ಹಾಲು ಕುಡಿದು ಬಂದು ಎಂಜಿನ್ನಿನ ತಲೆಯ ಮೇಲೆ ಮಲಗುತ್ತಿತ್ತು. ಇಲಿಗಳು ಕೆಳಗೆ ಓಡಾಡುವಾಗ ಒಂದು ಕಣ್ಣು ತೆರೆದು, ಪರಿಚಯದವರೇ ಎಂದು ಖಾತ್ರಿ ಮಾಡಿಕೊಂಡು ಮುಚ್ಚುತ್ತಿತ್ತು. ಮುಂದಿನ ತಿಂಗಳು ಹತ್ತಿಯ ರಾಶಿಯಲ್ಲಿ ನಾಲ್ಕು ಮರಿ ಹಾಕಿ, ಬಾಣಂತನಕ್ಕೆಂದು ತವರಿಗೆ ಹೊರಟುಹೋಯಿತು.

ಮೂರನೆಯ ಉಪಾಯ ನನ್ನ ಸ್ವಂತದ್ದು. ಖಾರದ ಪುಡಿಯನ್ನು ಹರಳೆಣ್ಣೆಯಲ್ಲಿ ಕಲಸಿ ವೈರುಗಳಿಗೂ ಎಂಜಿನ್ನಿನ ಮೈಗೂ ಹೊಗೆ ಕೊಳವೆಗೂ ಧಾರಾಳವಾಗಿ ಬಳಿದೆ. ಇಲಿ ಬಾಯಿ ಹಾಕಿದರೆ ಮೂರು ಜನ್ಮ ಮರೆಯಬಾರದು ಎಂದುಕೊಂಡೆ. ಇಲಿಗಿಂತ ಮೊದಲು ಗೌಡರು ಬಂದರು. ಯಾರೋ ನೆಂಟರಿಗೆ ತೋರಿಸಬೇಕೆಂದು, "ಓಡ್ಸ್ಲಾ ಎಂಜಿನ್ನ" ಎಂದರು. ಓಡಿಸಿದೆ. ಕಬ್ಬಿಣ ಕಾಯುತ್ತಿದ್ದಂತೆ ಖಾರ ಹೊತ್ತಿಕೊಂಡಿತು. ಘಾಟು ಮೊದಲು ನೆಂಟರನ್ನು ಹೊರಗೆ ಹಾಕಿತು, ಆಮೇಲೆ ಗೌಡರನ್ನು, ಆಮೇಲೆ ಮೊರ ಹಿಡಿದು ಅಕ್ಕಿ ಕೇರುತ್ತಿದ್ದ ಹೆಂಗಸರನ್ನು. ಮೂಟೆ ಹೊರುವವರು ಮೂಟೆ ಸಮೇತ ಓಡಿದರು. ಎದುರು ಮನೆಯ ಜಗಲಿಯಿಂದ ದೇವೀರಮ್ಮನವರು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, "ಯಾರ್ಗಲಾ ಇಷ್ಟೊಂದು ದೃಷ್ಟಿ ಆಗಿರೋದು!" ಎಂದು ಕೂಗಿದರು. ಅದನ್ನು ಕೇಳಿ ನಗು ಬಂದು ಕಣ್ಣುಜ್ಜಿಕೊಂಡೆ. ಉಜ್ಜಿಕೊಂಡ ಕೈ ಬಳಿದ ಕೈಯೇ ಆಗಿತ್ತು. ಆ ದಿನದ ಉಳಿದ ಭಾಗ ನನಗೆ ಕಾಣಿಸಲಿಲ್ಲ.

ಗೌಡರು ಮರುದಿನ ನನಗೊಂದು ನೋಟುಬುಕ್ಕು ಕೊಟ್ಟರು. "ದಿನಾ ಎಷ್ಟ್ ಇಲಿ ಒಡ್ದೆ ಬರ್ದಿಡು. ಬಾಲ ತೋರ್ಸು." ಹಾಗೆ ಇಲಿ ಪುಸ್ತಕ ಶುರುವಾಯಿತು. ಮೊದಲ ವಾರ ನಿಜಕ್ಕೂ ಏಳೆಂಟು ಬಾಲ ತೋರಿಸಿದೆ. ಎರಡನೆಯ ವಾರದಲ್ಲಿ ಇಲಿಗಳು ಬುದ್ಧಿವಂತವಾದವು. ನಾನು ಇನ್ನೂ ಬುದ್ಧಿವಂತನಾದೆ. ಗೌಡರಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ. ಕನ್ನಡಕ ಹಾಕಿದರೆ ಮುದುಕನಾದೆನೆಂದು ಒಪ್ಪಿದಂತಾಗುತ್ತದೆ ಎಂದು ಹಾಕುತ್ತಲೂ ಇರಲಿಲ್ಲ. ಸೋಮವಾರದ ಬಾಲವನ್ನು ಮಂಗಳವಾರವೂ ತೋರಿಸಿದೆ, ಬುಧವಾರವೂ ತೋರಿಸಿದೆ. ಗುರುವಾರ ಅದು ಒಣಗಿ ಪಟಪಟ ಎನ್ನತೊಡಗಿದಾಗ ಬಿಸಾಡಿ, ಪುಸ್ತಕದಲ್ಲಿ ದುಂಡಗೆ ಬರೆದೆ: 'ಎಂಜಿನ್ ಮನೆಯಲ್ಲಿ ಇಲಿ ಇಲ್ಲ.' ಕೆಳಗೆ ರುಜು ಹಾಕಿದೆ. ಗೌಡರು ಪುಸ್ತಕವನ್ನು ಕೈ ಚಾಚಿ ದೂರ ಹಿಡಿದು ಓದಿ, ಬೆನ್ನು ತಟ್ಟಿ, ಬಂದವರಿಗೆಲ್ಲ ತೋರಿಸಿದರು.

ಇಲಿ ಹೋಗದಿರಲು ಇನ್ನೊಂದು ಕಾರಣವಿತ್ತು. ಅದು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ.

ಊರಿಂದ ಬರುವವರ ಕೈಯಲ್ಲಿ ನಮ್ಮವ್ವ ನನಗೆ ರಾಗಿ ಹುರಿಹಿಟ್ಟು, ಬೆಲ್ಲ, ಕೊಬ್ಬರಿ ಗಿಟುಕು ಗಂಟು ಕಟ್ಟಿ ಕಳಿಸುತ್ತಿದ್ದಳು. ನಾನು ಮಲಗುತ್ತಿದ್ದದ್ದು ಮಿಲ್ಲಿನ ಕೋಣೆಯಲ್ಲಿ, ಇನ್ನೂ ಐದು ಜನರ ಜೊತೆ. ಗಂಟು ಬಿಚ್ಚಿದರೆ ಐದು ಕೈ ಬರುತ್ತಿದ್ದವು. ಎಂಜಿನ್ ಮನೆಯ ಗೋಡೆಗೆ ವೈರುಗಳೆಲ್ಲ ಬಂದು ಸೇರುವ ದೊಡ್ಡ ಮರದ ಪೆಟ್ಟಿಗೆಯೊಂದಿತ್ತು. ಅದರ ಮೇಲೆ ಕೆಂಪು ಬಣ್ಣದಲ್ಲಿ 'ಅಪಾಯ' ಎಂದು ಬರೆದು ತಲೆಬುರುಡೆಯ ಚಿತ್ರ ಹಾಕಿದ್ದರು. ಆ ಪೆಟ್ಟಿಗೆಯ ಹತ್ತಿರ ಊರಿನ ಗಂಡಸರು ಮೀಸೆ ಮೇಲಿನ ಕೈಯನ್ನೂ ಕೆಳಗಿಳಿಸುತ್ತಿದ್ದರು. ಆದರೆ ಎಂಜಿನ್ನು ನಿಂತಿರುವಾಗ ಅದರಲ್ಲಿ ಕರೆಂಟಿರುವುದಿಲ್ಲ ಎಂದು ಸಿದ್ದಾಚಾರಿ ನನಗೆ ಹೇಳಿಕೊಟ್ಟಿದ್ದರು. ಆ ವಿದ್ಯೆಯನ್ನು ನಾನು ಗಂಟು ಬಚ್ಚಿಡಲು ಬಳಸಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಇಲಿ ಹಿಡಿಯುವ ನೆಪದಲ್ಲಿ ಒಳಗೆ ಹೋಗಿ, ಮೃತ್ಯುವಿನ ಮುಚ್ಚಳ ತೆಗೆದು, ಒಂದು ಹಿಡಿ ಹುರಿಹಿಟ್ಟು ಮುಕ್ಕುತ್ತಿದ್ದೆ. ತಲೆಬುರುಡೆಗೆ ಓದಿದವರು ಹೆದರುತ್ತಾರೆ, ಓದದವರು ಹೆದರುತ್ತಾರೆ. ಇಲಿಗಳು ಎರಡೂ ಅಲ್ಲ ಎಂಬುದು ನನ್ನ ಲೆಕ್ಕದಲ್ಲಿ ತಪ್ಪಿಹೋಗಿತ್ತು.

ಹೀಗಿರುವಾಗ ಕೃಷ್ಣರಾಜಪೇಟೆಯ ಕಡೆಯಿಂದ ಗೌಡರ ಬೀಗರು ಬಂದರು. ಅವರ ಮನೆಯಲ್ಲಿ ಮದುವೆ. ಮದುವೆಯ ಅಕ್ಕಿಯನ್ನು ಬೀಗರ ಮಿಲ್ಲಿನಲ್ಲೇ ಮಾಡಿಸಬೇಕೆಂದು ಒಂಬತ್ತು ಗಾಡಿ ಭತ್ತ ತಂದಿದ್ದರು. ಗೌಡರು ಹೊಸ ರುಮಾಲು ಸುತ್ತಿಕೊಂಡು, "ನಮ್ ಮಿಲ್ಲು ನಿಂತಿದ್ದು ಅಂತ ಇಲ್ಲ. ಲೈನ್ ಕರೆಂಟ್ ಓದ್ರೆ ನಮ್ದೇ ಕರೆಂಟು" ಎಂದರು. ಎರಡನೆಯ ಗಾಡಿ ಇಳಿಸುವ ಹೊತ್ತಿಗೆ ಜೋರಾಗಿ ಗಾಳಿ ಬೀಸಿತು. ಮಿಲ್ಲು ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಗೌಡರ ಮುಖದಲ್ಲಿ ಸಂತೋಷ ಉಕ್ಕಿತು. ಕರೆಂಟು ಹೋಗಿದ್ದಕ್ಕೆ ಅಷ್ಟು ಹಿಗ್ಗಿದವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

"ಅತ್ಸ್ರಲಾ ಎಂಜಿನ್ನ!"

ಮುಂದಿನ ವಾರದ ನಾಲೆ ಕೆಲಸದ ಗಾಡಿ ಎತ್ತುಗಳಿಗೆ ಲಾಳ ಕಟ್ಟಲು ಅಂದು ಸಿದ್ದಾಚಾರಿಯೂ ಬೆಳಗೊಳಕ್ಕೇ ಬಂದಿದ್ದರು. ಅವರೇ ಚಕ್ರ ತಿರುಗಿಸಿದರು. ಎಂಜಿನ್ನು ಹತ್ತಿತು. ಡೈನಮೋ ತಿರುಗಿತು. ಪೆಟ್ಟಿಗೆಯೊಳಗೆ ಚಟಚಟ ಎಂದು ಸದ್ದಾಗಿ, ನೀಲಿ ಕಿಡಿ ಹಾರಿ, ಮುಚ್ಚಳದ ಸಂದಿಯಿಂದ ಹೊಗೆ ಬಂತು. ಕೂದಲು ಸುಟ್ಟ ವಾಸನೆಯ ಜೊತೆಗೆ ಹುರಿದ ಕೊಬ್ಬರಿಯ ವಾಸನೆಯೂ ಬಂತು. ಸಿದ್ದಾಚಾರಿ ಎಂಜಿನ್ನು ನಿಲ್ಲಿಸಿ, ಮುಚ್ಚಳ ತೆಗೆದು, ಒಳಗೆ ನೋಡಿದರು. ಮೂಸಿದರು. ಆಮೇಲೆ ತಿರುಗಿ ನನ್ನ ಮುಖವನ್ನೇ ಒಂದು ಸಲ ನೋಡಿ, ಮುಚ್ಚಳ ಹಾಕಿದರು.

"ವೈರು ಕಡ್ದೋಗೈತೆ ಗೌಡ್ರೇ."

"ಯಾರು ಕಡ್ದೋರು?"

"ಇನ್ಯಾರು? ಇಲಿ."

ಬೀಗರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗೌಡರ ರುಮಾಲು ಓರೆಯಾಗಿತ್ತು. "ಇಲಿ ಇಲ್ಲ ಅಂತ ಪುಸ್ತಕದಲ್ಲಿ ಬರ್ದೈತೆ! ಏನ್ಲಾ ರೈಟ್ರು, ಇಲಿ ಐತಾ?"

ಮಿಲ್ಲಿನ ಅಷ್ಟೂ ಜನ ನನ್ನ ಕಡೆ ನೋಡಿದರು. ಐತೆ ಎಂದರೆ ಬಾಲಗಳ ಲೆಕ್ಕ ಬಿಚ್ಚಬೇಕು. ಪೆಟ್ಟಿಗೆ ತೆರೆದರೆ ನನ್ನ ಗಂಟು ಬಿಚ್ಚಬೇಕು. ಕೆಲಸ ಹೋಗುತ್ತದೆ, ನಾಗಮಂಗಲಕ್ಕೆ ವಾಪಸು ಹೋಗಿ ಹುರುಳಿ ಕೀಳಬೇಕು. ನಾಲಿಗೆ ಅಷ್ಟನ್ನೂ ಒಂದು ಕ್ಷಣದಲ್ಲಿ ಯೋಚಿಸಿತು.

"ಇಲ್ಲ ಯಜಮಾನ್ರೇ."

"ಕೇಳಿದ್ರಾ?" ಎಂದು ಬೀಗರಿಗೆ ಹೇಳಿ, ಗೌಡರು ಸಿದ್ದಾಚಾರಿಯ ಕಡೆ ತಿರುಗಿದರು. "ಓದ್ ವಾರ ಈ ಪೆಟ್ಟಿಗೆ ಮುಟ್ಟಿದ್ದು ನೀನೊಬ್ಬನೇ. ಇಲಿ ಇಲ್ದಿದ್ ಮ್ಯಾಕೆ ವೈರ್ ಕಡ್ದೋನು ನೀನೇಯ. ಇರೋಡೆ ಮಿಲ್ನೋರು ಏನ್ ಕೊಟ್ರಲಾ ನಿನ್ಗೆ?"

ಈಗ ಪಾಂಡವಪುರ ಎನ್ನುವ ಊರನ್ನು ಆಗ ಹಿರೋಡೆ ಎನ್ನುತ್ತಿದ್ದರು. ಅಲ್ಲೊಂದು ಪೋಟಿಯ ಮಿಲ್ಲು ಎದ್ದಿತ್ತು. ಸಿದ್ದಾಚಾರಿಗೆ ಆಗ ಅರವತ್ತರ ಹತ್ತಿರ. ಅವರು ಹತ್ತಿಯಲ್ಲಿ ಕೈ ಒರೆಸಿಕೊಂಡರು, ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡರು. "ನಾನು ಕಬ್ಣ ಮುಟ್ಟಿ ಬಾಳ್ದೋನು ಗೌಡ್ರೇ" ಎಂದಷ್ಟೇ ಹೇಳಿ, ಜನ ಬಿಟ್ಟ ದಾರಿಯಲ್ಲಿ ನಡೆದುಹೋದರು. ಬೀಗರು ಸಂಜೆಯವರೆಗೆ ಕಾದು, ಒಂಬತ್ತು ಗಾಡಿಗಳನ್ನೂ ಹಿರೋಡೆಗೆ ಹೊಡೆಸಿಕೊಂಡು ಹೋದರು.

ಆಮೇಲಿನ ಎಂಟು ದಿನ ನನಗೆ ಊಟ ಸೇರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಸೇರಿತು. ಆದರೆ ಪ್ರತಿ ತುತ್ತಿಗೂ ಸಿದ್ದಾಚಾರಿ ಕೈ ಒರೆಸಿಕೊಳ್ಳುತ್ತಿದ್ದರು. ಮಿಲ್ಲಿನಲ್ಲಿ ಅಕ್ಕಿ ಕೇರುವ ಹೆಂಗಸರು, "ಆಚಾರಪ್ಪ ಅಂತೋರಲ್ಲ ಕಣಕ್ಕ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡಾಗ ಮೊರದ ಸದ್ದು ನನ್ನ ಕೆನ್ನೆಗೆ ಬಿದ್ದಂತೆ ಆಗುತ್ತಿತ್ತು. ಒಂಬತ್ತನೆಯ ದಿನ ನನಗೆ ತಲೆನೋವೆಂದು ಗೌಡರಿಗೆ ಸುಳ್ಳು ಹೇಳಿ ಗಂಜಾಂಗೆ ಹೊರಟೆ. ನಿಜ ಹೇಳಲು ಹೋಗುವುದಕ್ಕೂ ನನಗೆ ಒಂದು ಸುಳ್ಳು ಬೇಕಾಯಿತು.

ಗಂಜಾಂನ ನಿಮಿಷಾಂಬೆ ಬೇಡಿಕೊಂಡ ನಿಮಿಷದಲ್ಲಿ ಕೊಡುವ ದೇವಿ ಎನ್ನುತ್ತಾರೆ. ನಾನು ಧೈರ್ಯ ಬೇಡಿಕೊಂಡು ಒಂದು ಗಂಟೆ ಆ ಗುಡಿಯನ್ನು ಸುತ್ತಿದೆ. ಕೊನೆಗೆ ಪೂಜಾರಿಗಳೇ, "ಏನಪ್ಪ, ಚಪ್ಪಲಿ ಕಳ್ಕೊಂಡ್ಯಾ?" ಎಂದು ಕೇಳಿದ ಮೇಲೆ ನಾಚಿಕೆಯಾಗಿ ಹೊರಬಿದ್ದೆ.

ಸಿದ್ದಾಚಾರಿಯ ಕುಲುಮೆ ಹುಣಸೆಮರದ ಕೆಳಗಿತ್ತು. ಅವರು ಎತ್ತೊಂದನ್ನು ಕೆಡವಿ, ಮೂರು ಕಾಲು ಸೇರಿಸಿ ಕಟ್ಟಿ, ನಾಲ್ಕನೆಯದರ ಗೊರಸು ಕೆತ್ತುತ್ತಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. "ಬಂದ್ರಾ ರೈಟ್ರೇ. ಆ ಕಾಲ್ ಒಸಿ ಅಮಿಕ್ಕೊಳಿ" ಎಂದರು. ನಾನು ಹುಲ್ಲಿನಲ್ಲಿ ಮಂಡಿಯೂರಿ ಎತ್ತಿನ ಕಾಲು ಹಿಡಿದುಕೊಂಡೆ. ಹಾಗೇ ಹಿಡಿದುಕೊಂಡು, ಎತ್ತಿನ ಹೊಟ್ಟೆಯನ್ನು ನೋಡುತ್ತ, ಎಲ್ಲ ಹೇಳಿದೆ. ಬಾಲದ ವಿಷಯ, ಗಂಟಿನ ವಿಷಯ, ಇಲ್ಲ ಎಂದ ವಿಷಯ. ಅವರು ಮೊಳೆ ಹೊಡೆಯುತ್ತಲೇ ಇದ್ದರು.

"ನನ್ಗ್ ಗೊತ್ತಿತ್ತು. ಮುಚ್ಳ ತೆಗೀತಿದ್ದಂಗೇ ಉರಿಟ್ಟಿನ್ ಬಟ್ಟೆ ಕಾಣ್ತು."

"ಮತ್ತೆ ಅಲ್ಲೇ ಯಾಕ್ ಯೋಳ್ಲಿಲ್ಲ ಆಚಾರ್ರೇ?"

ಅವರು ಸುತ್ತಿಗೆ ಕೆಳಗಿಟ್ಟರು. "ಯೋಳಿದ್ರೆ ನನ್ ಮ್ಯಾಲ್ ಬಿದ್ದದ್ದು ನಿಮ್ ಮ್ಯಾಲ್ ಬೀಳೋದು. ನನ್ಗೆ ಅನ್ನಕ್ಕೆ ಲಾಳ ಐತೆ. ನಿಮ್ಗೇನೈತೆ? ಒಂದ್ ಪುಸ್ತಕ, ಅದೂ ಸುಳ್ಳು."

ನನ್ನ ಕೈ ಸಡಿಲಿತು. ಎತ್ತು ಝಾಡಿಸಿ ಒದೆಯಿತು. ಮೊಣಕಾಲಿಗೆ ಬಿದ್ದ ಆ ಒದೆಯಿಂದ ನನಗೆ ಎಷ್ಟು ಸಮಾಧಾನವಾಯಿತೆಂದರೆ ಇನ್ನೊಂದು ಕೊಟ್ಟಿದ್ದರೂ ಬೇಡವೆನ್ನುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಒದೆಯ ಮೇಲೆ ಹಾಕಿದೆ.

"ತಪ್ಪಾಯ್ತು ಆಚಾರ್ರೇ."

"ಇಲ್ ಯೋಳಿದ್ರೆ ಈ ಎತ್ಗೊಂದೇ ಕೇಳ್ಸೋದು" ಎಂದರು ಅವರು. "ನನ್ನ ಬಯ್ದಿದ್ದು ಮಿಲ್ಲಿನ್ ಬಾಗ್ಲಲ್ಲಿ."

ಕುಂಟುತ್ತ ಬೆಳಗೊಳಕ್ಕೆ ವಾಪಸು ಬಂದೆ. ಮರುದಿನ ಬೆಳಿಗ್ಗೆ, ಕೆಲಸದವರೆಲ್ಲ ಬಂದು ಸೇರಿದ ಮೇಲೆ, ಗೌಡರ ಮುಂದೆ ನಿಂತು, ಇಲಿ ಪುಸ್ತಕವನ್ನು ಅವರ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಹೇಳುವಾಗ ಧ್ವನಿ ಸುಂಡಿಲಿಯದೇ ಆಗಿತ್ತು. ಗೌಡರು ಕೇಳಿ ಕೆಂಪಾದರು, ಕಪ್ಪಾದರು. "ಎಂಜಿನ್ ಮನೇಲಿ ತಿಂಡಿ ಮಡಗ್ತೀಯೇನ್ಲಾ? ಬುದ್ಧಿ ಇರೋನು ಯಾವನ್ಲಾ ಅಲ್ಲಿ ತಿಂಡಿ ಮಡಗೋನು!" ಎಂದು ಗರ್ಜಿಸಿದರು. ಗರ್ಜನೆಗೆ ದೇವೀರಮ್ಮನವರು ಎದುರು ಮನೆಯಿಂದ ಬಂದರು. ಅವರಿಗೆ ಯಾವುದನ್ನೂ ಕಣ್ಣಾರೆ ನೋಡಬೇಕು. ನೆಟ್ಟಗೆ ಎಂಜಿನ್ ಮನೆಗೆ ನಡೆದು, ತಲೆಬುರುಡೆಯ ಮುಚ್ಚಳವನ್ನು ಉಪ್ಪಿನಕಾಯಿ ಜಾಡಿಯ ಮುಚ್ಚಳದಂತೆ ಎತ್ತಿದರು. ಒಳಗೆ ನಮ್ಮವ್ವನ ಸೀರೆಯ ಬಟ್ಟೆ ಚಿಂದಿಯಾಗಿ, ಹತ್ತಿಯ ಜೊತೆ ಹೆಣೆದು, ಅಂದವಾದ ಗೂಡಾಗಿತ್ತು. ಗೂಡಿನ ಹಿಂದೆ ವೈರುಗಳು ಕೆಳಗಿಳಿಯುವ ತೂತು. ಆ ತೂತು ಹೋಗುವುದು ಸ್ಪಾನರುಗಳನ್ನಿಡುವ ಕೆಳಗಿನ ಖಾನೆಗೆ. ದೇವೀರಮ್ಮನವರು ಬಗ್ಗಿ ಆ ಖಾನೆಯನ್ನು ಎಳೆಯಲು ಹೋದರು.

"ಅದ್ರಲ್ಲೇನೂ ಇಲ್ಲ!" ಎಂದರು ಗೌಡರು. ನನ್ನ "ಇಲ್ಲ"ವನ್ನು ಬಲ್ಲ ನನಗೆ ಆ "ಇಲ್ಲ" ತಕ್ಷಣ ಗುರುತು ಸಿಕ್ಕಿತು.

ಖಾನೆಯಲ್ಲಿ ಹಿತ್ತಾಳೆಯ ಡಬ್ಬಿಯೊಂದಿತ್ತು. ಮುಚ್ಚಳ ಪಕ್ಕಕ್ಕೆ ಬಿದ್ದಿತ್ತು. ಸುತ್ತ ಅಚ್ಚುಬೆಲ್ಲದ ಚೂರು, ಕಡಲೆಕಾಯಿ ಸಿಪ್ಪೆ, ಇಲಿಯ ಹಿಕ್ಕೆ. ಗೌಡರಿಗೆ ಸಕ್ಕರೆ ಕಾಯಿಲೆಯೆಂದು ಮೈಸೂರಿನ ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಆ ದಿನದಿಂದ ಮನೆಯಲ್ಲಿ ಬೆಲ್ಲದ ಮಡಕೆಗೆ ದೇವೀರಮ್ಮನವರದೇ ಕಾವಲು.

ಅವರು ಡಬ್ಬಿಯನ್ನು ಎತ್ತಿ ತಿರುಗಿಸಿ ನೋಡಿದರು. "ಈ ಡಬ್ಬಿ ಕಾಣೆ ಅಂತ ಮನೆ ಕೆಲಸ್ದೋಳ್ನ ಎಷ್ಟ್ ದಿನ ಅಂದೆ ನಾನು! ಏನೂಂದ್ರೆ, ಮನೇಲಿ ಸಪ್ಪೆ ಕಾಪಿ ಕುಡ್ದು ಸನ್ಯಾಸಿ ಮುಖ ಮಾಡ್ತಿದ್ರಿ. ಇಲ್ ನೋಡುದ್ರೆ ಇಲಿ ಜೊತೆ ಪಂಕ್ತೀಲಿ ಕುಂತಿದ್ದೀರಿ!"

ಮೂಟೆ ಹೊರುವವನೊಬ್ಬ ನಕ್ಕ. ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ. ಗೌಡರು ಬಾಗಿಲಿಗೆ ಅಡ್ಡವಾಗಿ ನಿಂತಿದ್ದರಿಂದ ಹೊರಗೆ ಓಡಿಹೋಗಿ ನಗುವುದಕ್ಕೂ ದಾರಿಯಿರಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯಲು ಅವರು ಬಾಯಿ ತೆರೆದಿದ್ದು ನಿಜ. ಹೆಂಡತಿಯ ಮುಖ ನೋಡಿ, ಅದೇ ನ್ಯಾಯದಲ್ಲಿ ಯಜಮಾನನನ್ನೂ ತೆಗೆಯಬೇಕಾಗುತ್ತದೆ ಎಂದು ಹೊಳೆದು ಮುಚ್ಚಿಕೊಂಡರು.

ಅಂದೇ ಗಾಡಿ ಕಳಿಸಿ ಸಿದ್ದಾಚಾರಿಯನ್ನು ಕರೆಸಿದರು. ಅವರು ಬಂದು ಮಿಲ್ಲಿನ ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. ಕೆಲಸದವರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಸುತ್ತ ಸೇರಿದರು. ಗೌಡರು ಗಂಟಲು ಸರಿಮಾಡಿಕೊಂಡರು, ರುಮಾಲು ಸರಿಮಾಡಿಕೊಂಡರು, ಬಾಗಿಲ ಚೌಕಟ್ಟನ್ನು ಹೊಸದಾಗಿ ಕಂಡಂತೆ ನೋಡಿದರು.

"ಏನಿಲ್ಲ ಆಚಾರಿ... ಇಲಿ ತಪ್ ಮಾಡ್ಬುಡ್ತು."

"ಅಂಗಾರೆ ಇಲಿನೇ ಬಂದ್ ಯೋಳ್ಳಿ" ಎಂದು ಸಿದ್ದಾಚಾರಿ ಚೀಲ ಹೆಗಲಿಗೇರಿಸಿ ತಿರುಗಿದರು.

ಜಗಲಿಯ ಮೇಲೆ ದೇವೀರಮ್ಮನವರು ಒಂದು ಸಲ ಕೆಮ್ಮಿದರು. ಖಾರದ ಹೊಗೆಯೇನೂ ಆಗ ಇರಲಿಲ್ಲ.

ಗೌಡರು ಎರಡು ಹೆಜ್ಜೆ ಮುಂದೆ ಬಂದು ಬಾಗಿಲಿಂದ ಹೊರಗೆ, ಬಿಸಿಲಿಗೆ, ಇಳಿದರು. ಅಷ್ಟು ದೊಡ್ಡ ದೇಹ ಅಷ್ಟು ಸಣ್ಣ ಧ್ವನಿಯಲ್ಲಿ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ. "ನಂದೇ ತಪ್ಪು ಆಚಾರ್ರೇ. ಎಲ್ಲಾರ್ ಎದ್ರಿಗೆ ಬಾಯಿಗ್ ಬಂದಂಗೆ ಅಂದ್ಬುಟ್ಟೆ. ಒಳೀಕ್ ಬನ್ನಿ." ಆಚಾರಿ ಎಂಬುದು ಆಚಾರ್ರೇ ಆದದ್ದನ್ನು ಅಕ್ಕಿ ಕೇರುವ ಹೆಂಗಸರು ಗಮನಿಸಿ ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದರು.

ಸಿದ್ದಾಚಾರಿ ಗೌಡರ ಕಡೆ ತಿರುಗಿದರು. ಆಮೇಲೆ ಚೀಲ ಕೆಳಗಿಳಿಸಿ, "ಮೊದ್ಲು ತೌಡಿನ್ ಮೂಟೆ ಎತ್ಸಿ" ಎಂದರು.

ಆ ವಾರವಿಡೀ ಅವರ ಕೈಕೆಳಗೆ ಕೆಲಸ ಮಾಡಿದವನು ನಾನು. ಇಲಿ ಕಡಿದ ವೈರುಗಳನ್ನು ಅವರು ಬದಲಾಯಿಸಿದರು. ನಾನು ಗೋದಾಮು ಖಾಲಿ ಮಾಡಿದೆ, ಹಿಕ್ಕೆ ಗುಡಿಸಿದೆ, ಹತ್ತಿಯನ್ನು ತಗಡಿನ ಡಬ್ಬಕ್ಕೆ ತುಂಬಿದೆ. ತಂತಿ ಜಾಲರಿ ಕತ್ತರಿಸಿ, ಗೋಡೆಯ ಕಿಂಡಿಗೂ ಪೆಟ್ಟಿಗೆಯ ತೂತಿಗೂ ಖಾನೆಯ ಹಿಂಬದಿಗೂ ಹೊಡೆದೆ. ಹತ್ತು ಬೆರಳಲ್ಲಿ ಏಳಕ್ಕೆ ಬಟ್ಟೆ ಸುತ್ತಿಕೊಂಡೆ. ಅಷ್ಟು ದಿನವೂ ಸಿದ್ದಾಚಾರಿ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. "ಇಡೀರಿ", "ಬುಡಿ", "ಅತ್ಲಾಗೆ", ಇಷ್ಟೇ.

ಶನಿವಾರ ನಡುಮಧ್ಯಾಹ್ನ, ಲೈನಿನ ಕರೆಂಟು ಇರುವಾಗಲೇ, ಪರೀಕ್ಷೆಗೆಂದು ಅದನ್ನು ಕಡಿದು ಎಂಜಿನ್ನು ಹತ್ತಿಸಿದರು. ಡೈನಮೋ ಗುಂಯ್ ಎಂದಿತು. ಎಲ್ಲರೂ ಪೆಟ್ಟಿಗೆಯನ್ನೇ ನೋಡುತ್ತಿದ್ದೆವು. ಕಿಡಿಯಿಲ್ಲ, ಹೊಗೆಯಿಲ್ಲ. ಗೋಡೆಯಾಚೆ ಮಿಲ್ಲು ಒಮ್ಮೆ ಗೊಣಗಿ, ನಡುಗಿ, ಓಡತೊಡಗಿತು. ಎದುರು ಮನೆಯಿಂದ ಗೌಡರು, "ಉರೀತು ಕಣ್ರಲಾ! ಪಡಸಾಲೇದು ಉರೀತು!" ಎಂದು ಕೂಗಿಕೊಂಡು ಓಡಿಬಂದರು. ನಡುಹಗಲ ಬಿಸಿಲಲ್ಲಿ ಉರಿಯುವ ಆ ಬಲ್ಬನ್ನು ನೋಡಲು ಅರ್ಧ ಊರು ಹೋಯಿತು.

ಎಂಜಿನ್ ಮನೆಯಲ್ಲಿ ನಾನೂ ಸಿದ್ದಾಚಾರಿಯೂ ಇಬ್ಬರೇ ಉಳಿದೆವು. ಅವರು ಕೈ ತೊಳೆದು ಬಂದು, ಚೀಲದಿಂದ ಬುತ್ತಿ ತೆಗೆದು ಬಿಚ್ಚಿದರು. ರಾಗಿ ರೊಟ್ಟಿ, ಮೇಲೆ ಹುಚ್ಚೆಳ್ಳು ಚಟ್ನಿ. ಒಂದು ರೊಟ್ಟಿಯನ್ನು ನಡುವೆ ಮುರಿದು, ದೊಡ್ಡ ಚೂರನ್ನು ಬಟ್ಟೆ ಸುತ್ತಿದ ನನ್ನ ಕೈಯಲ್ಲಿಟ್ಟರು. ನಾನು ಅದನ್ನು ಬಾಯಿಗೆ ಒಯ್ದೆ.

"ಏ ರೈಟ್ರೇ!" ಎಂದು ಅವರು ನನ್ನ ಮಣಿಕಟ್ಟು ಹಿಡಿದರು. "ಎಂಜಿನ್ ಮನೇಲಲ್ಲ. ಆಚೀಕ್ ನಡೀರಿ."